ಮಹದಾಯಿಯ ನೀರು ಯಾರ ಕಚೇರಿಯಲ್ಲಿ ತಡೆದು ನಿಂತಿತು?

ನಮಸ್ಕಾರ. ಪಣಜಿಯ ನಮ್ಮ ಮನೆಯ ನಲ್ಲಿಗೆ ನೀರು ಬರುವುದು ಓಪಾ ಘಟಕದಿಂದ, ಓಪಾಕ್ಕೆ ಬರುವುದು ಖಾಂಡೇಪಾರ ಹೊಳೆಯಿಂದ. ಆ ಹೊಳೆ ಮುಂದೆ ಮಾಂಡವಿಯನ್ನು ಸೇರುತ್ತದೆ. ಖಾನಾಪುರದ ಕಾಡಿನಲ್ಲಿ ಹುಟ್ಟುವ ನಮ್ಮ ಮಹದಾಯಿಗೆ ಇಲ್ಲಿನವರು ಇಟ್ಟ ಹೆಸರೇ ಮಾಂಡವಿ. ನವಲಗುಂದದ ನನ್ನ ಚಿಗವ್ವ ಬೇಸಿಗೆಯಲ್ಲಿ ಫೋನು ಮಾಡಿದಾಗಲೆಲ್ಲ ಒಂದೇ ಮಾತು ಕೇಳುತ್ತಾಳೆ: "ಸಮುದ್ರಕ್ಕ ಹರದು ಹೋಗೋ ನೀರಾಗ ನಮಗೊಂದು ಕೊಡ ಕೊಟ್ರ ನಿಮ್ಮ ಗೋವಾದವ್ರದು ಏನ್ ಹೋಗತೈತಿ?" ನಮ್ಮ ಪಕ್ಕದ ಮನೆಯ ಕೊಂಕಣಿ ಅಜ್ಜನಿಗೆ ಇದನ್ನು ಹೇಳಿದರೆ ಅವರು ಕೋಪಿಸಿಕೊಳ್ಳುವುದಿಲ್ಲ. ಮೇಲಿನಿಂದ ಸಿಹಿನೀರು ಕಡಿಮೆಯಾದರೆ ಭರತದ ಉಪ್ಪುನೀರು ಇನ್ನಷ್ಟು ಒಳಕ್ಕೆ ಏರಿ ಒಡ್ಡು ಕಟ್ಟಿ ಉಪ್ಪುನೀರು ತಡೆದು ಮಾಡಿಕೊಂಡ ಖಾಜನ ಗದ್ದೆಗಳು ಹಾಳಾಗುತ್ತವೆ ಎಂದು ಸಮಾಧಾನದಿಂದಲೇ ವಿವರಿಸುತ್ತಾರೆ. ಇಬ್ಬರ ಮಾತಿನಲ್ಲೂ ಸತ್ಯವಿದೆ. ಇಂಥ ಎರಡು ಸತ್ಯಗಳ ನಡುವೆ ತೀರ್ಮಾನ ಹೇಳುವ ಹೊಣೆಯನ್ನು ನಮ್ಮ ಸಂವಿಧಾನ ಯಾರಿಗೆ ಒಪ್ಪಿಸಿದೆ, ಅವರು ಅದನ್ನು ಹೇಗೆ ನಿಭಾಯಿಸಿದ್ದಾರೆ ಎಂಬುದೇ ಇವತ್ತು ನನ್ನ ವಿಷಯ.

ಎರಡು ರಾಜ್ಯಗಳ ನಡುವೆ ವ್ಯಾಜ್ಯವೆದ್ದರೆ ಸಾಮಾನ್ಯವಾಗಿ ಅವು 131ನೇ ವಿಧಿಯಡಿ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗಬಹುದು. ನದಿಯ ವಿಷಯದಲ್ಲಿ ಮಾತ್ರ ಸಂವಿಧಾನ ಬೇರೆ ದಾರಿ ಹಿಡಿಯಿತು. ಇಂಥ ವ್ಯಾಜ್ಯವನ್ನು ನ್ಯಾಯಾಲಯಗಳ ಕೈಯಿಂದ ಹೊರಗಿಡುವ ಅಧಿಕಾರವನ್ನು 262ನೇ ವಿಧಿ ಸಂಸತ್ತಿಗೆ ಕೊಟ್ಟಿತು, ಸಂಸತ್ತು 1956ರಲ್ಲಿ ಅಂತರರಾಜ್ಯ ಜಲವಿವಾದ ಕಾಯಿದೆಯನ್ನು ಮಾಡಿ ಹಾಗೆಯೇ ಹೊರಗಿಟ್ಟಿತು. ಇದು ವಿವೇಕದ ಏರ್ಪಾಡು ಎಂದೇ ನಾನು ಭಾವಿಸುತ್ತೇನೆ, ಏಕೆಂದರೆ ಒಬ್ಬನನ್ನು ಗೆಲ್ಲಿಸಿ ಇನ್ನೊಬ್ಬನನ್ನು ಸೋಲಿಸುವ ತೀರ್ಪು ವರ್ಷಕ್ಕೊಂದು ಬಗೆಯಲ್ಲಿ ಹರಿಯುವ ಹೊಳೆಗೆ ಒಗ್ಗುವುದಿಲ್ಲ. ಹೀಗೆ ಶಾಸಕಾಂಗ ಕಾನೂನು ಮಾಡಿತು, ಅದರಡಿ ಈ ವ್ಯಾಜ್ಯ ಕೇಳಲೆಂದೇ ನ್ಯಾಯಾಧಿಕರಣವನ್ನು (ಟ್ರಿಬ್ಯೂನಲ್) ರಚಿಸುವ ಕೆಲಸ ಕೇಂದ್ರದ ಕಾರ್ಯಾಂಗಕ್ಕೆ ಬಂತು, ಅಲ್ಲಿ ಕುಳಿತು ಲೆಕ್ಕ ಹಾಕಿ ಹೇಳುವ ಕೆಲಸ ನ್ಯಾಯಮೂರ್ತಿಗಳಿಗೆ ಬಂತು.

ಕಾಗದದ ಮೇಲೆ ಇಷ್ಟು ಅಚ್ಚುಕಟ್ಟಾಗಿರುವ ವ್ಯವಸ್ಥೆ ಮಹದಾಯಿಯ ವಿಷಯದಲ್ಲಿ ಏನಾಯಿತು ನೋಡಿ. ಗೋವಾ ಸರ್ಕಾರ ನ್ಯಾಯಾಧಿಕರಣ ಬೇಕೆಂದು ಕೇಂದ್ರವನ್ನು ಕೇಳಿದ್ದು 2002ರಲ್ಲಿ. ಕೋರಿಕೆ ಬಂದ ಒಂದು ವರ್ಷದೊಳಗೆ ನ್ಯಾಯಾಧಿಕರಣ ರಚಿಸಬೇಕು ಎಂಬ ತಿದ್ದುಪಡಿ ಕಾಯಿದೆಗೆ ಸೇರಿದ್ದೂ ಅದೇ ವರ್ಷ. ನ್ಯಾಯಾಧಿಕರಣ ರಚನೆಯಾದದ್ದು 2010ರ ನವೆಂಬರಿನಲ್ಲಿ; ಅಷ್ಟರೊಳಗೆ ಗೋವಾ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿಯಾಗಿತ್ತು. ಅದರ ತೀರ್ಮಾನ, ಅಂದರೆ ಐತೀರ್ಪು, 2018ರ ಆಗಸ್ಟ್ 14ರಂದು ಬಂತು. ಕರ್ನಾಟಕಕ್ಕೆ 13.42 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ ನೀರು), ಗೋವಾಕ್ಕೆ 24, ಮಹಾರಾಷ್ಟ್ರಕ್ಕೆ 1.33. ಕರ್ನಾಟಕದ ಪಾಲಿನಲ್ಲಿ 8.02 ಟಿಎಂಸಿ ವಿದ್ಯುತ್ತಿಗೆ ಮೀಸಲು, ಕಳಸಾ ಮತ್ತು ಬಂಡೂರಿ ನಾಲೆಗಳ ಮೂಲಕ ಮಲಪ್ರಭೆಗೆ ತಿರುಗಿಸಲು ಸಿಕ್ಕಿದ್ದು 3.9 ಟಿಎಂಸಿ ಮಾತ್ರ. ನಮ್ಮ ಚಿಗವ್ವನ ಕೊಡ ಇರುವುದು ಆ 3.9ರೊಳಗೆ. ಕೇಂದ್ರದ ಗೆಜೆಟ್ಟಿನಲ್ಲಿ ಅಚ್ಚಾಗುವ ತನಕ ಐತೀರ್ಪಿಗೆ ಬಲವಿಲ್ಲ, ಅಚ್ಚು ಹಾಕಲು ಕಾಯಿದೆಯಲ್ಲಿ ಗಡುವೂ ಇಲ್ಲ. ಒಂದೂವರೆ ವರ್ಷ ಹಾಗೆಯೇ ಕಳೆಯಿತು. ಪ್ರಕಟಣೆಗೆ ಸುಪ್ರೀಂ ಕೋರ್ಟು 2020ರ ಫೆಬ್ರವರಿ 20ರಂದು ಅನುಮತಿ ಕೊಟ್ಟಿತು, ಅದಾದ ಒಂದೇ ವಾರದಲ್ಲಿ ಅಧಿಸೂಚನೆ ಹೊರಬಿತ್ತು. ಅಷ್ಟು ಹೊತ್ತಿಗೆ ಮೂರೂ ರಾಜ್ಯಗಳ ಮೇಲ್ಮನವಿಗಳು ಅದೇ ನ್ಯಾಯಾಲಯದ ಮುಂದಿದ್ದವು.

ನ್ಯಾಯಾಲಯವನ್ನು ಹೊರಗಿಟ್ಟ ವಿಷಯದಲ್ಲಿ ನ್ಯಾಯಾಲಯಕ್ಕೇನು ಕೆಲಸ ಎಂದು ಹಲವರು ಕೇಳುತ್ತಾರೆ. ಈ ಪ್ರಶ್ನೆ ಕಾವೇರಿ ಪ್ರಕರಣದಲ್ಲೇ ಎದ್ದಿತ್ತು. ನ್ಯಾಯಾಧಿಕರಣದ ಐತೀರ್ಪಿನ ಮೇಲೆ 136ನೇ ವಿಧಿಯಡಿ ಮೇಲ್ಮನವಿ ಕೇಳುವ ಅಧಿಕಾರ ತನಗಿದೆ ಎಂದು ಸುಪ್ರೀಂ ಕೋರ್ಟು 2016ರ ಡಿಸೆಂಬರಿನಲ್ಲಿ ಹೇಳಿತು; 2018ರ ಫೆಬ್ರವರಿಯಲ್ಲಿ ಕರ್ನಾಟಕದ ಪಾಲಿಗೆ 14.75 ಟಿಎಂಸಿ ಹೆಚ್ಚಿಸಿತು. ಇದು ಅಧಿಕಾರದ ಅತಿಕ್ರಮಣ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕಾರ್ಯಾಂಗ ಎಂಟು ವರ್ಷ ಕೈಕಟ್ಟಿ ಕುಳಿತರೆ ನೊಂದ ರಾಜ್ಯ ಇನ್ನೆಲ್ಲಿಗೆ ಹೋಗಬೇಕು? ವಿಳಂಬ ಯಾವ ಪಕ್ಷದ ಸರ್ಕಾರಕ್ಕೂ ಅನುಕೂಲವೇ. ತೀರ್ಮಾನ ಮಾಡಿದರೆ ಒಂದು ರಾಜ್ಯದ ಮತದಾರ ಮುನಿಯುತ್ತಾನೆ, ಮಾಡದಿದ್ದರೆ ಯಾರೂ ಪೂರ್ತಿ ಮುನಿಯುವುದಿಲ್ಲ. ಸಂಸತ್ತು ಬರೆದ ಒಂದು ವರ್ಷದ ಗಡುವನ್ನು ಕಾರ್ಯಾಂಗ ಮೀರಿದಾಗ ಸಂಸತ್ತೇ ಎದ್ದು ಕೇಳಬೇಕಿತ್ತು. ಅದು ಕೇಳಲಿಲ್ಲ. ನನ್ನ ದೂರು ಇರುವುದು ಇಲ್ಲಿ.

ಇದನ್ನು ಸರಿಪಡಿಸುವ ಒಂದು ಮಸೂದೆ ಬಂದಿತ್ತು. ನದಿಗೊಂದು ನ್ಯಾಯಾಧಿಕರಣದ ಬದಲು ಒಂದೇ ಕಾಯಂ ನ್ಯಾಯಾಧಿಕರಣ, ಗೆಜೆಟ್ಟಿಗೆ ಕಾಯದೆ ಜಾರಿಯಾಗುವ ಐತೀರ್ಪು, ಇವು ಅದರಲ್ಲಿದ್ದವು. 2019ರ ಜುಲೈ 31ರಂದು ಲೋಕಸಭೆ ಅದನ್ನು ಅಂಗೀಕರಿಸಿತು, ರಾಜ್ಯಸಭೆಯ ಅಂಗೀಕಾರ ಸಿಗಲಿಲ್ಲ, 2024ರಲ್ಲಿ ಲೋಕಸಭೆ ವಿಸರ್ಜನೆಯಾದಾಗ ಬಿದ್ದುಹೋಯಿತು. ಆ ಮಸೂದೆ ಮತ್ತೆ ಬರಬೇಕು ಎಂದು ನಾನು ಮನಸಾರೆ ಬಯಸುತ್ತೇನೆ, ಆದರೆ ಇದ್ದ ಹಾಗೆಯೇ ಅಲ್ಲ. ನ್ಯಾಯಾಧಿಕರಣದ ಸದಸ್ಯರನ್ನು ಆರಿಸುವ ಸಮಿತಿಯಲ್ಲಿ ಪ್ರಧಾನಿ, ಮುಖ್ಯ ನ್ಯಾಯಮೂರ್ತಿ ಮತ್ತು ಇಬ್ಬರು ಕೇಂದ್ರ ಸಚಿವರು ಇದ್ದರೇ ಹೊರತು ರಾಜ್ಯಗಳ ಪರವಾಗಿ ಒಂದು ಕುರ್ಚಿಯೂ ಇರಲಿಲ್ಲ. ಕರ್ನಾಟಕಕ್ಕೆ ಲೋಕಸಭೆಯಲ್ಲಿ 28 ಸದಸ್ಯರು, ಗೋವಾಕ್ಕೆ ಇಬ್ಬರು. ರಾಜ್ಯಸಭೆಯಲ್ಲಿ ಕರ್ನಾಟಕಕ್ಕೆ 12, ಗೋವಾಕ್ಕೆ ಒಬ್ಬರು. ನಾನು ಕನ್ನಡಿಗ, ನವಲಗುಂದಕ್ಕೆ ನೀರು ಹೋಗಬೇಕು ಎನ್ನುವವನು. ಆದರೂ ಪಕ್ಕದ ಮನೆಯ ಅಜ್ಜನ ಪರವಾಗಿ ಸಂಸತ್ತಿನಲ್ಲಿ ಏಳುವ ಕೈಗಳು ಮೂರೇ ಎಂಬುದನ್ನು ಮರೆಯಲಾರೆ. ನ್ಯಾಯಾಧೀಶರನ್ನು ಆರಿಸುವ ಮೇಜಿನಲ್ಲಿ ಗೋವಾದಂಥ ರಾಜ್ಯಕ್ಕೂ ಒಂದು ಕುರ್ಚಿ ಬರೆದಿಟ್ಟೇ ಆ ಮಸೂದೆಯನ್ನು ಮತ್ತೆ ಸದನಕ್ಕೆ ತರಬೇಕು.