ರಜೆ ಬಂದರೆ ಬೆಂಗಳೂರೇ ಯಾಕೆ?

ಕೇಳುಗರಿಗೆ ನಮಸ್ಕಾರ. ಹಾಸನ ಜಿಲ್ಲೆಯಲ್ಲಿ ಕಾನೂನು ಓದುತ್ತಿರುವ ಮಕ್ಕಳು, ಪಕ್ಕದಲ್ಲಿ ಅವರ ಅಪ್ಪ ಅಮ್ಮ, ಇಬ್ಬರೂ ಕೇಳುತ್ತಿದ್ದೀರಿ ಅಂದುಕೊಂಡು ಮಾತಾಡುತ್ತೇನೆ.

ವಕೀಲರ ಮೇಲಿನ ಸಂಸ್ಥೆಯಾದ ಬಾರ್ ಕೌನ್ಸಿಲ್ ನಿಯಮದಂತೆ ಮೂರು ವರ್ಷದ ಕಾನೂನು ಕೋರ್ಸಿಗೆ 12 ವಾರ, ಐದು ವರ್ಷದ್ದಕ್ಕೆ 20 ವಾರ ಕೆಲಸ ಕಲಿಯುವ ಇಂಟರ್ನ್‌ಶಿಪ್ ಮಾಡಲೇಬೇಕು. ರಜೆ ಬಂತೆಂದರೆ ಎಲ್ಲರೂ ಬೆಂಗಳೂರು ಬಸ್ಸು ಹತ್ತುತ್ತಾರೆ. ಅಲ್ಲಿ ಏನು ಕೆಲಸ? ಜೆರಾಕ್ಸ್ ಮಾಡಿಸುವುದು! ನಾನು ಕೇಳುವುದು ಒಂದೇ. ಒಂದು ರಜೆಯನ್ನು, ಉಚಿತವಾಗಿ ಕಾನೂನು ನೆರವು ಕೊಡುವ ನಿಮ್ಮ ತಾಲ್ಲೂಕಿನ ಕಾನೂನು ಸೇವೆಗಳ ಸಮಿತಿಗೆ ಕೊಡಿ.

ಒಬ್ಬ ಹುಡುಗನ ಕಥೆ ಹೇಳುತ್ತೇನೆ. ಜಾಣ. ಬೆಂಗಳೂರಲ್ಲಿ ಜಾಗ ಸಿಗದೆ ಮುಖ ಸಣ್ಣ ಮಾಡಿಕೊಂಡು ಸಕಲೇಶಪುರದ ನಮ್ಮ ಸಮಿತಿಗೆ ಬಂದಿದ್ದ. ಮೊದಲ ದಿನವೇ ಕಾಫಿ ತೋಟದ ಕೂಲಿಯವರ ಲೈನ್ ಮನೆಯಿಂದ ಒಬ್ಬ ಅಜ್ಜಿ ಬಂದರು. ಗಂಡ ತೀರಿಕೊಂಡು ಎರಡು ವರ್ಷ, ವಿಧವಾ ವೇತನ ಇನ್ನೂ ಬಂದಿಲ್ಲ. ಆಧಾರ್‌ನಲ್ಲಿ ಹೆಸರಿನ ಕೊನೆಗೆ 'ಅಮ್ಮ' ಇದೆ, ಪಡಿತರ ಚೀಟಿಯಲ್ಲಿ ಇಲ್ಲ. ಅಷ್ಟಕ್ಕೇ ಅರ್ಜಿ ವಾಪಸ್. ನಡುವೆ ಒಬ್ಬ ಬ್ರೋಕರ್ ಎರಡು ಸಾವಿರ ನುಂಗಿದ್ದ.

ನಮ್ಮ ಹುಡುಗ ರಾತ್ರಿಯೆಲ್ಲ ಕೂತು ನಾಲ್ಕು ಪುಟ ಬರೆದ. ಬದುಕುವ ಹಕ್ಕು ಹೇಳುವ ಸಂವಿಧಾನದ 21ನೇ ವಿಧಿ, ಸುಪ್ರೀಂ ಕೋರ್ಟ್ ತೀರ್ಪುಗಳು, ಎಲ್ಲ ಇತ್ತು. 'ಅಜ್ಜಿಗೆ ಓದಿ ಹೇಳಪ್ಪ' ಅಂದೆ. ಅವರು ಪೂರ್ತಿ ಕೇಳಿ, 'ಚೆನ್ನಾಗೈತೆ ಮಗ, ನನ್ನ ವಿಷಯ ಎಲ್ಲಿ ಬಂತು?' ಅಂದರು.

ಮರುದಿನ ಅವನೇ ಲೈನ್ ಮನೆಗೆ ಹೋದ. ಜಿಗಣೆ ಕಚ್ಚಿಸಿಕೊಂಡು ಬಂದ. ಟ್ರಂಕಿನಲ್ಲಿದ್ದ ಕಾಗದ ಎಲ್ಲ ತೆಗೆಸಿ ನೋಡಿದರೆ, ಮರಣ ಪ್ರಮಾಣಪತ್ರದಲ್ಲಿ ಗಂಡನ ಹೆಸರೂ ತಪ್ಪು! ಅದನ್ನು ಯಾರೂ ಅಜ್ಜಿಗೆ ಹೇಳಿರಲಿಲ್ಲ. ತಿದ್ದುಪಡಿಗೆ ಒಂದು ಅರ್ಜಿ, ಎರಡೂ ಹೆಸರು ಒಬ್ಬರದೇ ಅಂತ ಒಂದು ಅಫಿಡವಿಟ್, ನಾಡಕಚೇರಿಗೆ ಮುಕ್ಕಾಲು ಪುಟದ ಪತ್ರ. ಮೂರು ಸಲ ಅಲೆದ. ಮಳೆಗಾಲ ಮುಗಿಯುವ ಹೊತ್ತಿಗೆ ವೇತನ ಬಂತು. ಅಜ್ಜಿ ಅವನಿಗೆ ಅಂತ ಕಾಲು ಕೇಜಿ ಕಾಳುಮೆಣಸು ತಂದರು. ಅಷ್ಟರಲ್ಲಿ ಅವನು ಕಾಲೇಜಿಗೆ ಹೋಗಿಯಾಗಿತ್ತು. ಅದು ನಮ್ಮ ಮನೆಯ ಸಾರಿಗೇ ಬಿತ್ತು ಅನ್ನಿ.

ಅಯ್ಯೋ, ಸ್ಟುಡಿಯೋ ಗಾಜಿನಾಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಬೇಗ ಬೇಗ ಹೇಳುತ್ತೇನೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಜೈಲಿನಲ್ಲಿರುವವರು, ಇವರಿಗೆಲ್ಲ ವಕೀಲರು ಉಚಿತ. ಈ ನೆರವು ಕೇಳಲು ಫೋನ್ ನಂಬರ್ 15100. ಬರೆದುಕೊಳ್ಳಿ, ಬ್ರೋಕರ್‌ಗೆ ಕೊಡುವ ದುಡ್ಡು ಉಳಿಯುತ್ತದೆ. ಸಮಿತಿಯ ಕೆಲಸಕ್ಕೆ ಅಂತ ಜೈಲಿಗೆ ಹೋದರೂ ಕಲಿಯುವುದು ಬೇಕಾದಷ್ಟಿದೆ, ಅದನ್ನು ಹೇಳಲು ಈಗ ಹೊತ್ತಿಲ್ಲ.

ಮಕ್ಕಳೇ, ಪ್ರಾಂಶುಪಾಲರಿಂದ ಒಂದು ಪತ್ರ ಬರೆಸಿಕೊಂಡು ಕೋರ್ಟ್ ಆವರಣದಲ್ಲಿರುವ ಸಮಿತಿಯ ಕಚೇರಿಗೆ ಹೋಗಿ ಕೇಳಿ. ಸಂಬಳ ಎಷ್ಟು ಅಂತ ಮಾತ್ರ ನನ್ನನ್ನು ಕೇಳಬೇಡಿ. ಅಪ್ಪ ಅಮ್ಮಂದಿರೇ, ಬೆಂಗಳೂರಿನ ಪಿಜಿ ಬಾಡಿಗೆ ಉಳಿಯಿತು, ಬಸ್ ಚಾರ್ಜ್ ಕೊಟ್ಟು ಕಳಿಸಿ. ಒಂದೇ ಒಂದು ರಜೆ. ಜಿಗಣೆಗೆ ಸ್ವಲ್ಪ ಸುಣ್ಣ ಕಟ್ಟಿಕೊಡಿ. ನಮಸ್ಕಾರ.