ಕಂಪನಿ ಫೋರ್ ಬೈ ಫೋರ್ ಪಿಕಪ್ಪಾ, ಗ್ಯಾರೇಜಲ್ಲಿ ಕಟ್ಟಿಸಿದ್ದಾ? ಮೊದಲು ಟ್ರ್ಯಾಕ್ಟರ್ ಪೆಡಲ್ ನೋಡಿ

[ದೃಶ್ಯ: ಮಂಡ್ಯ ಪಕ್ಕದ ಕಬ್ಬಿನ ಗದ್ದೆ ಬದು. ಹಿಂದೆ ನಾಲೆ ಏರಿ. ನಿರೂಪಕ ನೇರ ಕ್ಯಾಮೆರಾ ಕಡೆ.]

ನಮಸ್ಕಾರ. ಮೈಸೂರು, ಮಂಡ್ಯ ಕಡೆಯಿಂದ ಪದೇ ಪದೇ ಬರೋ ಪ್ರಶ್ನೆ ಇದು: "ಅಣ್ಣ, ಅಷ್ಟು ದುಡ್ಡು ಸುರಿದು ಹೈಲಕ್ಸ್ ಯಾಕೆ ತಗೋಬೇಕು? ಹಳೇ ಟೂ ವೀಲ್ ಡ್ರೈವ್ ಪಿಕಪ್ ತಂದು, ಫೋರ್ ಬೈ ಫೋರ್ ಮಾಡಿಸಿ, ಎತ್ತರಿಸಿ, ದಪ್ಪ ಟೈರ್ ಹಾಕಿಸಿದ್ರೆ ಅರ್ಧ ದುಡ್ಡಲ್ಲಿ ಅದೇ ಕೆಲಸ ಆಗಲ್ವಾ?"

ಕಾಗದದ ಮೇಲೆ ಲೆಕ್ಕ ಸರಿಯಾಗೇ ಇದೆ. ಆದ್ರೆ ಅದರಲ್ಲಿ ಕೆಲವು ಸಾಮಾನು ಬಿಟ್ಟೋಗಿರುತ್ತೆ. ಎಲ್ಲಾ ಗಾಡಿ ಅಡಿಲೇ ಇರೋವು, ಯಾರೂ ಬಗ್ಗಿ ನೋಡಲ್ಲ. ಇವತ್ತು ಬಗ್ಗೋಣ.

ಬೇಸಿಕ್ಕು ಒಂದೇ ಉಸಿರಲ್ಲಿ. ನಮ್ಮಲ್ಲಿ ಷೋರೂಮಿಂದ ಸಿಗೋ ದೊಡ್ಡ ಪಿಕಪ್ಪುಗಳಲ್ಲಿ ಎರಡು ಹೆಸರು ಜಾಸ್ತಿ ಕೇಳ್ತೀರ. ಟೊಯೋಟಾ ಹೈಲಕ್ಸ್ 2022ರಲ್ಲಿ ಬಂತು, ಆಗಿನ ಷೋರೂಮ್ ಬೆಲೆ 33.99 ಲಕ್ಷದಿಂದ ಶುರು. 2.8 ಲೀಟರ್ ಡೀಸೆಲ್, 204 ಪಿಎಸ್, ಆಟೋಮ್ಯಾಟಿಕ್‌ಲಿ 500 ಎನ್‌ಎಂ ಟಾರ್ಕ್, ಅಂದ್ರೆ ತಿರುಗಿಸೋ ಬಲ. ಕಟ್ಟೋದು ಬಿಡದಿಲಿ, ಅಂದ್ರೆ ನೀವು ಬೆಂಗಳೂರಿಗೆ ಹೋಗುವಾಗ ತಟ್ಟೆ ಇಡ್ಲಿಗೆ ನಿಲ್ಲಿಸ್ತೀರಲ್ಲ, ಆ ಊರಲ್ಲೇ. ಇನ್ನೊಂದು ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್. 1.9 ಲೀಟರ್, 163 ಪಿಎಸ್, 360 ಎನ್‌ಎಂ, ಆಂಧ್ರದ ಶ್ರೀಸಿಟಿ ಫ್ಯಾಕ್ಟರಿದು. ಎರಡರ ಫೋರ್ ಬೈ ಫೋರ್ ಮಾಡೆಲಲ್ಲೂ ಇರೋದು ಪಾರ್ಟ್ ಟೈಮ್ ಫೋರ್ ವೀಲ್ ಡ್ರೈವ್, ಅಂದ್ರೆ ಬೇಕಾದಾಗ ಮಾತ್ರ ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ. ಟೂ ಹೈ ರಸ್ತೆಗೆ, ಫೋರ್ ಹೈ ಜಾರೋ ಮಣ್ಣಿಗೆ, ಫೋರ್ ಲೋ ಕೆಸರು, ಕಲ್ಲು, ಏರಿಗೆ. ಒಣಗಿದ ಟಾರ್ ರಸ್ತೆಲಿ ಫೋರ್ ಹೈ ಹಾಕ್ಕೊಂಡು ತಿರುವು ಹೊಡೀಬೇಡಿ. ಮುಂದಿನ, ಹಿಂದಿನ ಆಕ್ಸಲ್ ಒಂದಕ್ಕೊಂದು ಬಿಗಿದುಕೊಂಡಿರುತ್ತೆ, ಎಂಜಿನ್ ಶಕ್ತಿನ ಮುಂದಕ್ಕೂ ಹಿಂದಕ್ಕೂ ಹಂಚೋ ಟ್ರಾನ್ಸ್‌ಫರ್ ಕೇಸ್ ನರಳುತ್ತೆ. ಬೇಸಿಕ್ಕು ಮುಗೀತು.

[ದೃಶ್ಯ: ಗದ್ದೆ ಕೆಸರಲ್ಲಿ ಸಿಕ್ಕಿದ ಪಿಕಪ್. ಎಡ ಮುಂದಿನ ಚಕ್ರ, ಬಲ ಹಿಂದಿನ ಚಕ್ರ ಮಾತ್ರ ಗಿರಗಿರ ತಿರುಗ್ತಿದೆ.]

ಈಗ ಇದನ್ನ ನೋಡಿ. ಫೋರ್ ಲೋ ಹಾಕಿದಾರೆ. ಆದ್ರೂ ಎರಡೇ ಚಕ್ರ ತಿರುಗ್ತಿದೆ, ಗಟ್ಟಿ ನೆಲದ ಮೇಲಿರೋ ಮಿಕ್ಕ ಎರಡು ಸುಮ್ಮನೆ ನಿಂತಿದಾವೆ. ಇದ್ಯಾವ ಸೀಮೆ ಫೋರ್ ಬೈ ಫೋರ್?

ತಪ್ಪು ಡಿಫರೆನ್ಷಿಯಲ್‌ದು, ಅಂದ್ರೆ ಎಡ ಬಲ ಚಕ್ರದ ನಡುವೆ ಕೂತು ಎರಡಕ್ಕೂ ಶಕ್ತಿ ಹಂಚೋ ಗೇರ್ ಪೆಟ್ಟಿಗೆದು. ಚಿಕ್ಕದಾಗಿ ಡಿಫ್. ಅಲ್ಲ, ಅದು ತನ್ನ ಕೆಲಸ ಸರಿಯಾಗೇ ಮಾಡ್ತಿದೆ, ಅದೇ ತೊಂದರೆ. ಒಂದು ಜೋಡಿ ಹಳ್ಳಿಕಾರ್ ಎತ್ತು ಕಣ್ಣಮುಂದೆ ತನ್ನಿ. ಕುತ್ತಿಗೆ ಮೇಲೆ ನೊಗ. ಆ ನೊಗ ನಡುಮಧ್ಯ ಮೂಕಿ ಮೇಲೆ ಒಂದೇ ಗೂಟದಲ್ಲಿ ಕೂತಿದೆ, ಸಲೀಸಾಗಿ ಆ ಕಡೆ ಈ ಕಡೆ ತಿರುಗುತ್ತೆ ಅಂತ ಇಟ್ಕೊಳ್ಳಿ. ಎರಡೂ ಎತ್ತು ಸಮ ಎಳೆದ್ರೆ ಗಾಡಿ ಮುಂದಕ್ಕೆ. ಎಡದ ಎತ್ತಿನ ಕಾಲು ಜಾರಿತು ಅಂದ್ಕೊಳ್ಳಿ. ಬಲದ ಎತ್ತು ಎಷ್ಟೇ ಜಗ್ಗಲಿ, ನೊಗ ಗೂಟದ ಮೇಲೆ ತಿರುಗಿಬಿಡುತ್ತೆ, ಗಾಡಿ ಇಂಚೂ ಕದಲಲ್ಲ. ಎಡದ್ದು ಎಷ್ಟು ಎಳೆಯುತ್ತೋ ಬಲದ್ದೂ ಅಷ್ಟೇ ಎಳೆಯೋಕಾಗೋದು. ಮಾಮೂಲಿ ಡಿಫರೆನ್ಷಿಯಲ್ಲೂ ಎರಡೂ ಚಕ್ರಕ್ಕೆ ಸಮ ಟಾರ್ಕ್ ಹಂಚುತ್ತೆ. ಕೆಸರಲ್ಲಿರೋ ಚಕ್ರ ತಗೊಳ್ಳೋದು ಸೊನ್ನೆ, ಹಂಗಾಗಿ ಗಟ್ಟಿ ನೆಲದ್ದಕ್ಕೂ ಸೊನ್ನೆ. ಎಂಜಿನ್ನಲ್ಲಿ 500 ಎನ್‌ಎಂ ಇದ್ದರೆಷ್ಟು, ಬಿಟ್ಟರೆಷ್ಟು.

ಮತ್ತೆ ಆ ಗೂಟ ಯಾಕೆ ಬೇಕು ಅಂತೀರಾ? ತಿರುವಿಗೆ. ಗಾಡಿ ತಿರುಗುವಾಗ ಹೊರಗಡೆ ಎತ್ತು ಜಾಸ್ತಿ ದೂರ ನಡೀಬೇಕು, ಒಳಗಡೆದು ಕಮ್ಮಿ. ನೊಗ ಅಲ್ಲಾಡದ ಹಾಗೆ ಮೂಕಿಗೆ ಎರಡೂ ಕಡೆ ಹಗ್ಗ ಬಿಗಿದ್ರೆ ಬಲದ ಎತ್ತು ಒಂದೇ ಇದ್ರೂ ಗಾಡಿ ಎಳೆದುಬಿಡುತ್ತೆ, ಆದ್ರೆ ತಿರುವು ತಗೊಳ್ಳೋಕೆ ಒದ್ದಾಡುತ್ತೆ. ಆ ಹಗ್ಗ ಬಿಗಿಯೋದೇ ಡಿಫ್ ಲಾಕ್.

[ದೃಶ್ಯ: ಟ್ರ್ಯಾಕ್ಟರ್ ಸೀಟಿನ ಕೆಳಗೆ ಚಾಲಕನ ಬಲ ಹಿಮ್ಮಡಿ ಹತ್ತಿರದ ಪೆಡಲ್. ಹತ್ತಿರದ ಶಾಟ್.]

ನಂಗೆ ತುಂಬಾ ಇಷ್ಟವಾದ ಜಾಗಕ್ಕೆ ಬಂದ್ವಿ. ಪಿಕಪ್ ಜಾಹೀರಾತಲ್ಲಿ 'ಎಲೆಕ್ಟ್ರಾನಿಕ್ ಡಿಫ್ ಲಾಕ್' ಅಂತ ಮಿರಿಮಿರಿ ಅಕ್ಷರದಲ್ಲಿ ಹಾಕ್ತಾರಲ್ಲ, ಅದು ನಮ್ಮ ಗದ್ದೆ ಟ್ರ್ಯಾಕ್ಟರಲ್ಲಿ ಅಪ್ಪ-ತಾತನ ಕಾಲದಿಂದ ಇದೆ. ಹೆಚ್ಚಿನ ಟ್ರ್ಯಾಕ್ಟರಲ್ಲಿ ಬಲ ಹಿಮ್ಮಡಿ ಹತ್ರ ಒಂದು ಸಣ್ಣ ಪೆಡಲ್. ಹಿಂದಿನ ಒಂದು ಚಕ್ರ ಹೂತುಕೊಂಡು ಸುತ್ತೋಕೆ ಶುರುಮಾಡಿದ್ರೆ, ಕ್ಲಚ್ ಒತ್ತಿ, ಚಕ್ರ ನಿಂತ ಮೇಲೆ ಆ ಪೆಡಲ್ ತುಳಿದು, ನೇರ ಮುಂದಕ್ಕೆ ತಗೊಂಡು, ತಿರುಗೋ ಮುಂಚೆ ಕಾಲು ತೆಗೆಯೋದು. ಚಕ್ರ ಜೋರಾಗಿ ಸುತ್ತುತ್ತಿರುವಾಗ ತುಳಿದ್ರೆ ಒಳಗಿನ ಹಲ್ಲು ಮುರಿಯುತ್ತೆ. ಹೈಲಕ್ಸ್ ಹಿಂದಿನ ಡಿಫ್ ಲಾಕಿಗೂ ಇದೇ ಪಾಠ: ನಿಧಾನ, ನೇರ, ಕೆಲಸ ಆದಮೇಲೆ ಆಫ್. ಟ್ರ್ಯಾಕ್ಟರ್ ಓಡಿಸೋ ಹುಡುಗನಿಗೆ ಯಾರೂ ಹೇಳಿಕೊಡಬೇಕಿಲ್ಲ.

ಇನ್ನೂ ಇದೆ, ಕೇಳಿ. ಟ್ರ್ಯಾಕ್ಟರಿಗೆ ಎಡಕ್ಕೊಂದು, ಬಲಕ್ಕೊಂದು ಬೇರೆ ಬೇರೆ ಬ್ರೇಕ್ ಪೆಡಲ್ ಇರುತ್ತೆ. ರಸ್ತೆಲಿ ಎರಡನ್ನೂ ಕೂಡಿಸಿ ಲಾಕ್ ಹಾಕ್ತೀವಿ, ಗದ್ದೆಲಿ ಬಿಚ್ತೀವಿ. ಸುಮ್ಮನೆ ಸುತ್ತುತ್ತಿರೋ ಚಕ್ರದ ಬ್ರೇಕ್ ಮಾತ್ರ ಹಗುರಾಗಿ ಒತ್ತಿದ್ರೆ ಆ ಕಡೆಗೆ ಒಂದಿಷ್ಟು ಭಾರ ಬಿದ್ದಂಗಾಗಿ, ಇನ್ನೊಂದು ಚಕ್ರಕ್ಕೂ ಅಷ್ಟೇ ಟಾರ್ಕ್ ಹೋಗುತ್ತೆ. ಜಾರೋ ಎತ್ತಿನ ಕಾಲಿಗೆ ಒಂದು ಕಲ್ಲು ಸಿಕ್ಕಿದ ಹಾಗೆ. ಇದನ್ನೇ ಕಂಪ್ಯೂಟರ್ ಕೈಲಿ ಸೆಕೆಂಡಿಗೆ ಹತ್ತಾರು ಸಲ ಮಾಡಿಸಿದ್ರೆ ಅದರ ಹೆಸರು ಟ್ರ್ಯಾಕ್ಷನ್ ಕಂಟ್ರೋಲ್. ಎಂಥಾ ಮಾತಲ್ವಾ? ಕೆಸರುಗದ್ದೆ ಉಳೋ ಕಾಲು ಮಾಡ್ತಿದ್ದ ಕೆಲಸ ಈಗ ಎಬಿಎಸ್ ಪೆಟ್ಟಿಗೆ ಮಾಡ್ತಿದೆ. ಅದಕ್ಕೆ ಡಿಫ್ ಲಾಕ್ ಇಲ್ಲದ ಗಾಡಿಲೂ ಒಳ್ಳೆ ಟ್ರ್ಯಾಕ್ಷನ್ ಕಂಟ್ರೋಲ್ ಇದ್ರೆ ಎಷ್ಟೋ ಕಡೆ ದಾಟಿಬಿಡುತ್ತೆ. ಬ್ರೇಕ್ ಕಾಯೋದೊಂದೇ ಕಷ್ಟ.

ಷೋರೂಮಿಗೆ ಹೋದಾಗ ಕೇಳಬೇಕಾದ್ದು ಇದು. ಫೋರ್ ಬೈ ಫೋರ್ ಸ್ಟಿಕ್ಕರ್ ಇದೆಯಾ ಅಂತಲ್ಲ, ಡಿಫ್ ಲಾಕ್ ಇದೆಯಾ, ಇಲ್ಲದಿದ್ರೆ ಬ್ರೇಕ್ ಟ್ರ್ಯಾಕ್ಷನ್ ಫೋರ್ ಲೋದಲ್ಲೂ ಕೆಲಸ ಮಾಡುತ್ತಾ. ಕಟ್ಟಿಸೋರು ಮಾತ್ರ ಇದನ್ನ ಕೊನೆಗೆ ಇಡ್ತಾರೆ. ಮೊದಲು ಲಿಫ್ಟ್, ಆಮೇಲೆ ದೀಪ, ಆಮೇಲೆ ಸ್ಟಿಕ್ಕರ್.

[ದೃಶ್ಯ: ಪಿಕಪ್ ಅಡಿಯಿಂದ ಹಿಂದಿನ ಆಕ್ಸಲ್. ನಡುವಿನ ದುಂಡನೆ ಡಿಫ್ ಹೌಸಿಂಗಿಗೆ ಬಾಣದ ಗುರುತು.]

ಆ ಲಿಫ್ಟ್ ಕಡೆ ಬರೋಣ. ಎರಡು ಇಂಚು ಎತ್ತರಿಸಿದ್ರೆ ಗಾಡಿ ಎರಡು ಇಂಚು ದೊಡ್ಡ ಕಲ್ಲು ದಾಟುತ್ತೆ ಅಂತ ನಂಬಿಕೆ. ಹಿಂದೆ ಬಗ್ಗಿ ನೋಡಿ. ನೆಲಕ್ಕೆ ಹತ್ತಿರ ಇರೋದು ಈ ಡಿಫ್ ಹೌಸಿಂಗ್. ಇದು ಆಕ್ಸಲ್‌ಲಿದೆ, ಆಕ್ಸಲ್ ಚಕ್ರದಲ್ಲಿದೆ. ಸ್ಪ್ರಿಂಗ್ ಎತ್ತರಿಸಿದ್ರೆ ಮೇಲಕ್ಕೆ ಹೋಗೋದು ಬಾಡಿ, ಡಿಫ್ ಅಲ್ಲೇ ಇರುತ್ತೆ. ಲಿಫ್ಟ್‌ನಿಂದ ಹಿಂದಿನ ಡಿಫ್‌ಗೆ ಸಿಗೋ ಎತ್ತರ: ಸೊನ್ನೆ. ಅದನ್ನ ಎತ್ತೋದು ಟೈರ್ ಮಾತ್ರ, ಅದೂ ವ್ಯಾಸ ಹೆಚ್ಚಿದ್ದರಲ್ಲಿ ಅರ್ಧ.

ಲೆಕ್ಕ ಹಾಕೋಣ. 265/60 ಆರ್ 18 ಟೈರಿನ ವ್ಯಾಸ ಸುಮಾರು 775 ಮಿಲಿಮೀಟರ್. 17 ಇಂಚು ರಿಮ್ಮಿಗೆ ಇಳಿದು 285/70 ಹಾಕಿದ್ರೆ 831. ವ್ಯಾಸ 56 ಮಿಲಿಮೀಟರ್ ಏರಿತು, ಡಿಫ್ 28 ಮಿಲಿಮೀಟರ್ ಮೇಲೆ ಬಂತು. ಒಂದು ಇಂಚು ಚಿಲ್ಲರೆ. ಇದಕ್ಕೆ ಕೊಡೋ ಬೆಲೆ ಏನು? ಗೇರಿಂಗ್ ಶೇಕಡಾ 7ರಷ್ಟು ಉದ್ದ ಆಗುತ್ತೆ, ಅಂದ್ರೆ ನಿಮ್ಮ 500 ಎನ್‌ಎಂ ನೆಲದ ಮೇಲೆ 467ರ ಹಾಗೆ ಕೆಲಸ ಮಾಡುತ್ತೆ. ಮೀಟರೂ ಅಷ್ಟೇ ಕಮ್ಮಿ ತೋರಿಸುತ್ತೆ. ಕಂಪನಿ ಮೀಟರ್ ಮೊದಲೇ ಒಂಚೂರು ಹೆಚ್ಚು ತೋರಿಸೋ ಅಭ್ಯಾಸದ್ದು, ಅದನ್ನ ಕಳೆದ್ರೂ ಬೆಂಗಳೂರು-ಮೈಸೂರು ದಶಪಥದಲ್ಲಿ 100ರ ಮಿತಿಗೆ ಸರಿಯಾಗಿ ಹೋಗ್ತಿದೀನಿ ಅಂದ್ಕೊಂಡೋರನ್ನ ಕ್ಯಾಮೆರಾ ಬೇರೆ ಥರ ಓದಬಹುದು.

ಮುಂದಿನ ಕಡೆ ಕಥೆ ಉಲ್ಟಾ. ಈ ಪಿಕಪ್ಪುಗಳ ಮುಂದಿನ ಡಿಫ್ ಚಾಸಿಗೆ ಕೂತಿರುತ್ತೆ, ಚಕ್ರಕ್ಕೆ ಹೋಗೋದು ಬಗ್ಗಿಕೊಂಡೂ ತಿರುಗೋ ಕೀಲು, ಅಂದ್ರೆ ಸಿವಿ ಜಾಯಿಂಟ್ ಇರೋ ಶಾಫ್ಟ್. ಲಿಫ್ಟ್ ಮಾಡಿದ್ರೆ ಡಿಫ್ ಮೇಲಕ್ಕೆ ಹೋಗುತ್ತೆ, ಚಕ್ರ ಕೆಳಗೇ ಉಳಿಯುತ್ತೆ, ಮಧ್ಯದ ಶಾಫ್ಟ್ ಯಾವಾಗಲೂ ಬಗ್ಗಿಕೊಂಡೇ ತಿರುಗಬೇಕು. ಮೊದಲು ರಬ್ಬರ್ ಬೂಟ್ ಮಡಿಕೆ ಉಜ್ಜಿ ಹರಿಯುತ್ತೆ, ಗ್ರೀಸ್ ಎರಚಿಹೋಗುತ್ತೆ, ಗದ್ದೆ ನೀರು ಒಳಗೆ ಸೇರುತ್ತೆ. ತಿರುವಲ್ಲಿ 'ಟಕ್ ಟಕ್ ಟಕ್' ಅಂತ ಶಬ್ದ ಬಂತು ಅಂದ್ರೆ ಜಾಯಿಂಟ್ ಕಥೆ ಮುಗೀತು. ಎರಡು ಇಂಚಿಗೆ ನಿಲ್ಲಿಸಿ, ಆದಮೇಲೆ ಅಲೈನ್‌ಮೆಂಟ್ ಮಾಡಿಸಿ. ಕ್ಯಾಸ್ಟರ್, ಅಂದ್ರೆ ಸ್ಟೀರಿಂಗ್ ಅಕ್ಷ ಹಿಂದಕ್ಕೆ ವಾಲಿರೋ ಕೋನ, ಸರಿಹೋಗದಿದ್ರೆ ಚಕ್ರ ಹಿಡಿದಿರೋ ಮೇಲಿನ ಕಂಟ್ರೋಲ್ ಆರ್ಮ್ ಬದಲಾಯಿಸಬೇಕು.

ಹಿಂದಿನ ಲೀಫ್ ಸ್ಪ್ರಿಂಗ್‌ಗೆ ಉದ್ದನೆ ಶ್ಯಾಕಲ್ (ಸ್ಪ್ರಿಂಗ್ ತುದಿನ ಚಾಸಿಗೆ ಸೇರಿಸೋ ಕೊಂಡಿ) ಹಾಕಿಬಿಡ್ತಾರೆ, ಅಗ್ಗ ಅಂತ. ಶ್ಯಾಕಲ್ 100 ಮಿಲಿಮೀಟರ್ ಉದ್ದ ಮಾಡಿದ್ರೆ ಗಾಡಿ ಏರೋದು ಸುಮಾರು 50. ಜೊತೆಗೆ ಆಕ್ಸಲ್ ಕೂಡ ಒಂಚೂರು ತಿರುಗಿ ಡಿಫ್‌ಗೆ ಶಾಫ್ಟ್ ಸೇರೋ ಪಿನಿಯನ್ ಕೋನ ಕೆಡುತ್ತೆ, ಆ ಶಾಫ್ಟಿನ ಕೀಲು, ಯುಜೆ ಕ್ರಾಸ್, ನಡುಗೋಕೆ ಶುರು. ಸ್ಪ್ರಿಂಗಿಗೇ ಒಂದು ಪ್ಲೇಟು ಸೇರಿಸೋದು ಇದಕ್ಕಿಂತ ವಾಸಿ. ಸ್ಪ್ರಿಂಗನ್ನ ಆಕ್ಸಲ್‌ಗೆ ಬಿಗಿಯೋ ಹಳೇ ಯು ಬೋಲ್ಟ್ ಮತ್ತೆ ಹಾಕಬೇಡಿ, ಅದು ಒಂದು ಸಲ ಹಿಗ್ಗಿದ್ದು. ಹೊಸದು ಹಾಕಿ, 500 ಕಿಲೋಮೀಟರ್ ಆದಮೇಲೆ ಮತ್ತೆ ಬಿಗಿ ಮಾಡಿಸಿ. ಹಿಂದಿನ ಬ್ರೇಕಿಗೆ ಲೋಡ್ ಸೆನ್ಸಿಂಗ್ ವಾಲ್ವ್ (ಭಾರ ನೋಡಿ ಬ್ರೇಕ್ ಒತ್ತಡ ಹೊಂದಿಸೋದು) ಇರೋ ಗಾಡಿಯಾದ್ರೆ ಅದರ ಕಡ್ಡಿ ಆಕ್ಸಲ್‌ಗೆ ಸೇರಿರುತ್ತೆ. ಬಾಡಿ ಎತ್ತರ ಆದ ತಕ್ಷಣ ಅದು 'ಗಾಡಿ ಖಾಲಿ ಇದೆ' ಅಂತ ತಿಳ್ಕೊಂಡು ಹಿಂದಿನ ಬ್ರೇಕ್ ಒತ್ತಡ ಕಮ್ಮಿ ಮಾಡುತ್ತೆ. ಹಿಂದೆ ಒಂದು ಟನ್ ಗೊಬ್ಬರ ತುಂಬಿರುವಾಗ ಇದು ತಮಾಷೆ ಅಲ್ಲ.

ಕಂಪನಿಯೋರು ಹಂಗಾದ್ರೆ ಏನು ಮಾಡ್ತಾರೆ? ಅಮೆರಿಕಾದ ಫೋರ್ಡ್ 2010ರ ಮಾಡೆಲ್ ರಾಪ್ಟರ್ ಪಿಕಪ್ ಕಟ್ಟಿದಾಗ ತನ್ನ ಮಾಮೂಲಿ ಎಫ್-150 ಪಿಕಪ್ಪನ್ನ ಬರೀ ಎತ್ತರಿಸಲಿಲ್ಲ. ಉದ್ದನೆ ಆರ್ಮ್ ಹಾಕಿ ಗಾಡಿನ ಸುಮಾರು 7 ಇಂಚು ಅಗಲ ಮಾಡಿದ್ರು, 35 ಇಂಚು ಟೈರ್ ಕೂರೋ ಜಾಗ ಮಾಡಿದ್ರು, ಮರಳುಗಾಡಿನ ಹೊಡೆತಕ್ಕೆ ಕಾದು ನೊರೆ ಏಳದಿರೋ ಫಾಕ್ಸ್ ಕಂಪನಿ ಡ್ಯಾಂಪರ್ (ಷಾಕ್ ಅಬ್ಸಾರ್ಬರ್) ಕೂರಿಸಿದ್ರು. ಆರ್ಮ್ ಉದ್ದ ಆದ್ರೆ ಚಕ್ರ ಅಷ್ಟೇ ಮೇಲೆ ಕೆಳಗೆ ಹೋಗೋಕೆ ಶಾಫ್ಟ್ ಕಮ್ಮಿ ಬಗ್ಗಿದ್ರೆ ಸಾಕು. ಫ್ಯಾಕ್ಟರಿಗೆ ನೀವು ಕೊಡೋ ಹೆಚ್ಚಿನ ದುಡ್ಡು ಇಂಥಾ ಕಡೆ ಹೋಗಿರುತ್ತೆ.

[ದೃಶ್ಯ: ಗ್ಯಾರೇಜಲ್ಲಿ ಬಿಚ್ಚಿಟ್ಟ ಆಕ್ಸಲ್, ಟ್ರಾನ್ಸ್‌ಫರ್ ಕೇಸ್.]

ಟೂ ವೀಲ್ ಡ್ರೈವ್‌ನ ಫೋರ್ ಬೈ ಫೋರ್ ಮಾಡೋದಕ್ಕೆ ಬೇಕಾದ್ದು: ಡಿಫ್ ಇರೋ ಮುಂದಿನ ಆಕ್ಸಲ್, ಟ್ರಾನ್ಸ್‌ಫರ್ ಕೇಸ್, ಅದನ್ನ ಕೂರಿಸೋ ಅಡ್ಡಪಟ್ಟಿ, ಅಂದ್ರೆ ಕ್ರಾಸ್ ಮೆಂಬರ್, ಅಳತೆಗೆ ಕಟ್ ಮಾಡಿಸಿ ಬ್ಯಾಲೆನ್ಸ್ ಮಾಡಿಸಿದ ಎರಡು ಪ್ರೊಪೆಲ್ಲರ್ ಶಾಫ್ಟ್ (ಡಿಫ್‌ಗೆ ಶಕ್ತಿ ಒಯ್ಯೋ ಉದ್ದನೆ ಶಾಫ್ಟ್), ಸ್ಟೀರಿಂಗ್ ಲಿಂಕೇಜ್, ಉದ್ದನೆ ಬ್ರೇಕ್ ಹೋಸ್. ಗುಜರಿಲಿ ಹುಡುಕಿದ್ರೆ ಸಿಗುತ್ತೆ ಅಂತಲೇ ಇಟ್ಕೊಳ್ಳಿ. ಆದ್ರೆ ಮುಂದಿನ, ಹಿಂದಿನ ಡಿಫ್ ರೇಷಿಯೋ, ಅಂದ್ರೆ ಚಕ್ರ ಒಂದು ಸುತ್ತು ಬರೋಕೆ ಶಾಫ್ಟ್ ಎಷ್ಟು ಸುತ್ತು ತಿರುಗಬೇಕು ಅನ್ನೋ ಲೆಕ್ಕ, ಒಂದೇ ಇರಬೇಕು. ಹಿಂದೆ 4.1, ಮುಂದೆ 4.3 ಆದ್ರೆ ನೆಟ್ಟಗೆ ಹೋದ್ರೂ ಎರಡೂ ಆಕ್ಸಲ್ ಜಗಳ ಆಡುತ್ತೆ, ಗಟ್ಟಿ ನೆಲದ ಮೇಲೆ ಏನಾದ್ರೂ ಒಂದು ಮುರಿಯುತ್ತೆ.

ಅಳೆಯೋದು ಸುಲಭ. ಗೇರ್ ನ್ಯೂಟ್ರಲ್, ಮಿಕ್ಕ ಚಕ್ರಕ್ಕೆಲ್ಲ ಅಡೆ ಕೊಡಿ, ಒಂದೇ ಹಿಂದಿನ ಚಕ್ರ ಜಾಕ್ ಮೇಲೆ. ಪ್ರೊಪೆಲ್ಲರ್ ಶಾಫ್ಟಿಗೆ ಸೀಮೆಸುಣ್ಣದ ಗುರುತು ಹಾಕಿ. ಎತ್ತಿದ ಚಕ್ರನ ಕೈಯಿಂದ 20 ಸುತ್ತು ತಿರುಗಿಸಿ. ಒಂದು ಚಕ್ರ ನಿಂತಿರೋದ್ರಿಂದ ಡಿಫ್ ಒಳಗಿನ ದೊಡ್ಡ ಹಲ್ಲುಗಾಲಿ, ಕ್ರೌನ್, ತಿರುಗೋದು ಅರ್ಧ, ಅಂದ್ರೆ 10 ಸುತ್ತು. ಶಾಫ್ಟ್ 41 ಸುತ್ತು ಬಂದ್ರೆ ರೇಷಿಯೋ 4.1. ಹಲ್ಲು ಎಣಿಸೋಕೆ ಬಿಚ್ಚೋದೇ ಬೇಡ.

[ದೃಶ್ಯ: ಆರ್‌ಸಿ ಕಾರ್ಡ್, ಹೆಸರು ನಂಬರ್ ಮಸುಕು.]

ಟೈಮ್ ಓಡ್ತಿದೆ, ಕಾನೂನು ಬೇಗ ಹೇಳ್ತೀನಿ. ಮೋಟಾರು ವಾಹನ ಕಾಯ್ದೆ, ಸೆಕ್ಷನ್ 52: ಆರ್‌ಸಿಲಿರೋ ವಿವರ ಕಂಪನಿ ಮೂಲ ವಿವರಕ್ಕೆ ತಾಳೆ ಆಗದ ಹಾಗೆ ಬದಲಾಯಿಸೋ ಹಾಗಿಲ್ಲ. 2019ರ ಜನವರಿಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಲಿ 182ಎ ಬಂತು: ಒಪ್ಪಿಗೆ ಇಲ್ಲದ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಒಂದೊಂದಕ್ಕೆ, ನೆನಪಿರಲಿ. ಬಂಪರ್ ಮುಂದೆ ಹಾಕಿಸೋ ಕಬ್ಬಿಣದ ಬುಲ್ ಬಾರ್ ಕೂಡ ಸೆಕ್ಷನ್ 52ಕ್ಕೆ ವಿರುದ್ಧ ಅಂತ ಕೇಂದ್ರ 2017ರ ಡಿಸೆಂಬರಲ್ಲೇ ರಾಜ್ಯಗಳಿಗೆ ಬರೆದಿತ್ತು. ಮುಂದೆ ಸರ್ಚ್ ಲೈಟ್ ಹಾಕೋಕೂ ಆರ್‌ಟಿಓ ಒಪ್ಪಿಗೆ ಬೇಕು. ಇನ್ಶೂರೆನ್ಸಿಗೆ ತಿಳಿಸದ ಬದಲಾವಣೆ ಇದ್ರೆ ಕ್ಲೈಮ್ ಬಿದ್ದುಹೋಗಬಹುದು. ಹಂಗಾಗಿ ಕೆಎ-09 ಆಗಲಿ, ಕೆಎ-11 ಆಗಲಿ, ದಿನಾ ರಸ್ತೆಲಿ ಓಡೋ ಗಾಡಿಗೆ ನನ್ನ ಓಟು ಕಂಪನಿದಕ್ಕೇ.

ಕಟ್ಟೋ ಹುಚ್ಚು ಇದ್ದೇ ಇದೆ ಅಂದ್ರೆ, ಟ್ರಕ್ ಮೇಲೆ ಏರಿಸಿಕೊಂಡು ಹೋಗಿ ಖಾಸಗಿ ಟ್ರ್ಯಾಕಲ್ಲಿ ಮಾತ್ರ ಓಡಿಸೋ ಸ್ಪರ್ಧೆ ಗಾಡಿ ಕಟ್ಟಿ. ಅದಕ್ಕೆ ಪಿಕಪ್ಪಿಗಿಂತ ಹಳೇ ಜಿಪ್ಸಿ ವಾಸಿ. ತೂಕ ಒಂದು ಟನ್ ಆಸುಪಾಸು, ಹಿಂದೆ ಮುಂದೆ ಎರಡೂ ಗಟ್ಟಿ ಆಕ್ಸಲ್, ಎರಡೂ ಕಡೆ ಲೀಫ್ ಸ್ಪ್ರಿಂಗ್. ಲಿಫ್ಟ್ ಮಾಡಿದ್ರೆ ಸಿವಿ ಜಾಯಿಂಟ್ ಬಗ್ಗೋ ತಲೆನೋವಿಲ್ಲ.

ಮಿಕ್ಕಿದ್ದು ಒಟ್ಟಿಗೆ. ಮೋಟಾರಿಂದ ಹಗ್ಗ ಸುತ್ತಿ ಗಾಡಿ ಎಳೆಯೋ ವಿಂಚ್ ಬೇಕಾದ್ರೆ ತುಂಬಿದ ಗಾಡಿ ತೂಕದ ಒಂದೂವರೆ ಪಟ್ಟು ಎಳೆಯೋದು ತಗೊಳ್ಳಿ. ಡಬ್ಬದ ಮೇಲೆ ಬರೆದ ಶಕ್ತಿ ಡ್ರಮ್ಮಿನ ಮೊದಲ ಸುತ್ತಿಗೆ ಮಾತ್ರ, ಅದು ಸಾಲದಿದ್ರೆ ರಾಟೆ ಹಾಕಿ. ಅದಕ್ಕಿಂತ ಮೊದಲು ಹಿಗ್ಗಿ ಎಳೆಯೋ ಕೈನೆಟಿಕ್ ಹಗ್ಗ, ಮುಕ್ಕಾಲು ಇಂಚಿನ 4.75 ಟನ್ ಗುರುತಿರೋ ಎರಡು ಬೋ ಶ್ಯಾಕಲ್ (ಹಗ್ಗ ಸಿಕ್ಕಿಸೋ ಉಕ್ಕಿನ ಕೊಂಡಿ) ಇಟ್ಕೊಳ್ಳಿ. ಟ್ರೈಲರ್ ಸಿಕ್ಕಿಸೋ ಟೋ ಬಾಲ್‌ಗೆ ಹಗ್ಗ ಕಟ್ಟಿ ಎಳೀಬೇಡಿ, ಅದು ಕಿತ್ತು ಬಂದ್ರೆ ಗುಂಡಿನ ಹಾಗೆ. ಗೇಜ್, 12 ವೋಲ್ಟ್ ಪಂಪ್ ಕಡ್ಡಾಯ. ಕೆಸರಿಗೆ ಇಳಿಯೋ ಮುಂಚೆ ಟೈರ್ ಗಾಳಿ 18ರಿಂದ 20 ಪಿಎಸ್‌ಐಗೆ ಇಳಿಸಿ, 15ರ ಕೆಳಗೆ ಹೋದ್ರೆ ಟೈರ್ ರಿಮ್ಮಿಂದ ಕಳಚಿಕೊಳ್ಳಬಹುದು. ಲಿಫ್ಟು, ಲಾಕು ಏನೂ ಇಲ್ಲದಿದ್ರೂ ಇದೊಂದರಲ್ಲೇ ಅರ್ಧ ಗಾಡಿಗಳು ಈಚೆ ಬರುತ್ತೆ. ವಾಪಸ್ ದಶಪಥ ಹತ್ತೋ ಮುಂಚೆ ಮಾತ್ರ ಗಾಳಿ ತುಂಬಿಸಿಕೊಳ್ಳಿ. 18 ಪಿಎಸ್‌ಐ ಗಾಳಿಯ ಟೈರು 100ರ ವೇಗದಲ್ಲಿ ಪಕ್ಕ ಕಾದು ಹರಿಯೋಕೆ ಮದ್ದೂರು ದಾಟೋದೂ ಬೇಕಿಲ್ಲ.

[ದೃಶ್ಯ: ಪಂಪ್ ಶಬ್ದ. ಗೇಜ್ ಮುಳ್ಳು 32ಕ್ಕೆ ಬಂದು ನಿಲ್ಲುತ್ತೆ. ಕಪ್ಪು ಪರದೆ.]