ತಂತಿ ಮೊದಲು, ಕತ್ತರಿ ಆಮೇಲೆ: ಮನೆಯಲ್ಲೇ ಅಂಡರ್‌ವೈರ್ ಬ್ರಾ ಹೊಲಿಯುವುದು

ಎಲ್ಲರಿಗೂ ನಮಸ್ಕಾರ. ಇಲ್ಲಿ ಬ್ಲೌಸ್ ಹೊಲಿಯುವವರೇ ಹೆಚ್ಚು. ಕಟೋರಿ ಕಟಿಂಗ್ ಗೊತ್ತಿದ್ದವರಿಗೆ ಬ್ರಾದ ಕಪ್ ಹೊಸದೇನಲ್ಲ. ತುಂಡು ಜೋಡಿಸಿ ಉಬ್ಬು ತರುವುದು ಎರಡರಲ್ಲೂ ಇದೆ. ಕಷ್ಟ ಇರುವುದು ತಂತಿಯಲ್ಲಿ. ಬ್ಲೌಸು ಅರ್ಧ ಇಂಚು ಸಡಿಲವಾದರೆ ಸೆರಗಿನಡಿ ಮುಚ್ಚಿಹೋಗುತ್ತದೆ. ತಂತಿ ಅಷ್ಟೇ ತಪ್ಪಿದರೆ ಮಧ್ಯಾಹ್ನದೊಳಗೆ ಚುಚ್ಚಲು ಶುರುವಾಗುತ್ತದೆ.

ಮೊದಲು ಅಳತೆ. ಉಸಿರು ಬಿಟ್ಟು, ಎದೆಯ ಕೆಳಗೆ ಟೇಪನ್ನು ಬಿಗಿಯಾಗಿ ಸುತ್ತಿ. ಆಮೇಲೆ ತುಂಬು ಎದೆಯ ಅಳತೆ, ಇಲ್ಲಿ ಬಿಗಿ ಬೇಡ. ಕೆಳಗೆ 30, ಮೇಲೆ 34 ಬಂತು ಅನ್ನಿ. ವ್ಯತ್ಯಾಸದ ಒಂದೊಂದು ಇಂಚಿಗೆ ಒಂದೊಂದು ಕಪ್. ನಾಲ್ಕು ಇಂಚು ಅಂದರೆ ಡಿ, ಸೈಜು 30ಡಿ. ಕೆಳಗಿನ ಅಳತೆಗೆ ನಾಲ್ಕು ಇಂಚು ಕೂಡಿಸುವ ಹಳೆಯ ಲೆಕ್ಕ ಹಿಡಿದರೆ ಇದೇ ಮೈಗೆ ಬ್ಯಾಂಡ್ (ಎದೆಯ ಕೆಳಗೆ ಮೈ ಸುತ್ತುವ ಪಟ್ಟಿ) 34, ಕಪ್ಪಿಗೆ ಉಳಿಯುವುದು ಸೊನ್ನೆ. ಹಿಗ್ಗುವ ಬ್ಯಾಂಡಿಗೆ ಆ ಲೆಕ್ಕ ಹೊಂದುವುದಿಲ್ಲ. ಇನ್ನೊಂದು ಮಾತು: 30ಡಿ, 32ಸಿ, 34ಬಿ, ಈ ಮೂರಕ್ಕೂ ಕಪ್ಪಿನ ಗಾತ್ರ ಸುಮಾರು ಒಂದೇ, ತಂತಿಯೂ ಒಂದೇ. ಹಾಗಾಗಿ ತಂತಿ ಕೊಳ್ಳುವಾಗ ಬ್ಯಾಂಡಿನ ಸಂಖ್ಯೆ ಒಂದನ್ನೇ ಹೇಳಿದರೆ ಸಾಲದು.

ಆದರೂ ಇದೆಲ್ಲ ಪ್ಯಾಟರ್ನ್ ಆರಿಸಲು ಮಾತ್ರ. ತಂತಿಯನ್ನು ಮೈಗೇ ಹಿಡಿದು ನೋಡಬೇಕು. ಸ್ತನವನ್ನು ಸ್ವಲ್ಪ ಎತ್ತಿ, ಕೆಳಗಿನ ಮಡಿಕೆಯ ಗುಂಟ ಬಾಗುವ ಸ್ಕೇಲನ್ನೋ, ದಪ್ಪ ಕರೆಂಟು ವೈರನ್ನೋ ಒತ್ತಿ. ಎದೆಮೂಳೆಯ ಬದಿಯಿಂದ ಹಿಡಿದು ಕಂಕುಳ ಕಡೆ ಸ್ತನ ಮುಗಿಯುವವರೆಗೆ. ಆಕಾರ ಕೆಡದಂತೆ ಕಾಗದದ ಮೇಲಿಟ್ಟು ಗೆರೆ ಎಳೆಯಿರಿ. ತಂತಿಯನ್ನು ಆ ಗೆರೆಯ ಮೇಲಿಟ್ಟಾಗ ಅದು ಒಂದೆರಡು ಸೆಂಟಿಮೀಟರ್ ಕಿರಿದಾಗಿ ಕಾಣಬೇಕು, ಏಕೆಂದರೆ ತೊಟ್ಟಾಗ ಬ್ಯಾಂಡ್ ಎಳೆದು ಅದನ್ನು ಅಗಲಿಸುತ್ತದೆ. ಹೊರತುದಿ ಸ್ತನದ ಮೇಲೆ ಕೂತರೆ ತಂತಿ ಕಿರಿದು, ಬೆನ್ನಿನ ಕಡೆ ಓಡಿದರೆ ಅಗಲ. ಹಳೆಯ ಬ್ರಾದಿಂದ ಬಿಚ್ಚಿದ ತಂತಿಯನ್ನು ಮಾದರಿಗೆ ಇಟ್ಟುಕೊಳ್ಳುವವರು ಎಡ ಬಲ ಎರಡನ್ನೂ ಹೋಲಿಸಿ ನೋಡಿ, ತೊಟ್ಟು ತೊಟ್ಟು ಅವು ಸೊಟ್ಟಗಾಗಿರುತ್ತವೆ.

ಸಾಮಾನು ಹೆಚ್ಚೇನಿಲ್ಲ. ಕಪ್ಪಿಗೆ ಅಷ್ಟಾಗಿ ಹಿಗ್ಗದ ಗಟ್ಟಿ ನಿಟ್ ಬಟ್ಟೆ ಅರ್ಧ ಮೀಟರ್, ಬೆನ್ನಿನ ಭಾಗಕ್ಕೆ ಪವರ್‌ನೆಟ್ (ಬಿಗಿಯಾಗಿ ಹಿಗ್ಗುವ ಜಾಲರಿ ಬಟ್ಟೆ) ಕಾಲು ಮೀಟರ್, ಕೆಳ ಅಂಚಿಗೆ 12 ಮಿ.ಮೀ. ಎಲಾಸ್ಟಿಕ್, ಕಂಕುಳಿಗೆ 8 ಅಥವಾ 10 ಮಿ.ಮೀ., ತಂತಿ ತೂರಿಸಲು ಕೊಳವೆ ಪಟ್ಟಿ, ಸ್ಟ್ರಾಪ್, ರಿಂಗು, ಸ್ಲೈಡರು, ಹುಕ್ಕಿನ ಸೆಟ್ಟು. ಪವರ್‌ನೆಟ್ಟನ್ನು ಕೊಳ್ಳುವಾಗಲೇ ಎಳೆದು ನೋಡಿ: 10 ಸೆಂ.ಮೀ. ತುಂಡು 15ಕ್ಕೆ ಬಂದರೆ ಹಿಗ್ಗು ಶೇ. 50. ಪ್ಯಾಟರ್ನ್ ಕೇಳುವುದಕ್ಕಿಂತ ಕಡಿಮೆ ಹಿಗ್ಗಿದರೆ ಬೆನ್ನಿನ ತುಂಡನ್ನು ಉದ್ದ ಮಾಡಿಕೊಳ್ಳಬೇಕಾಗುತ್ತದೆ. ಹೆಚ್ಚು ಹಿಗ್ಗುವ ದಿಕ್ಕು ಮೈ ಸುತ್ತ ಬರಲಿ. ಎರಡು ಕಪ್ಪುಗಳ ನಡುವಿನ ತುಂಡು ಮಾತ್ರ ಎಳ್ಳಷ್ಟೂ ಹಿಗ್ಗಬಾರದು, ಅದಕ್ಕೆ ಹಿಗ್ಗದ ಲೈನಿಂಗ್ ಕೊಡಿ.

ಹೊಲಿಗೆಗೆ 11 ನಂಬರಿನ ಸ್ಟ್ರೆಚ್ ಸೂಜಿ, ಪಾಲಿಯೆಸ್ಟರ್ ದಾರ, ಮಾರ್ಜಿನ್ 6 ಮಿ.ಮೀ. ಬ್ಲೌಸಿನಂತೆ ಮುಂದೆ ಬಿಚ್ಚಿಕೊಳ್ಳಲೆಂದು ಒಂದಿಂಚು ಬಿಡುವ ಅಭ್ಯಾಸ ಇಲ್ಲಿ ಬೇಡ. ತುಳಿಯುವ ಹಳೆಯ ಮಷೀನಿನಲ್ಲಿ ಕಪ್ ಜೋಡಿಸಬಹುದು, ಕೊಳವೆ ಪಟ್ಟಿ ಹೊಲಿಯಬಹುದು. ಎಲಾಸ್ಟಿಕ್ಕಿಗೆ ಮಾತ್ರ ಜಿಗ್‌ಜಾಗ್ ಬೇಕೇ ಬೇಕು. ನೇರ ಹೊಲಿಗೆಯ ದಾರ, ಮೊದಲ ಸಲ ತೊಡುವಾಗಲೇ ಪಟಪಟ ಹರಿಯುತ್ತದೆ.

ಕಪ್ಪಿನ ತುಂಡುಗಳು ಮೊದಲು, ಆಮೇಲೆ ನಡುವಿನ ತುಂಡು, ಫ್ರೇಮ್ (ಕಪ್ಪನ್ನು ಸುತ್ತಿ ಹಿಡಿಯುವ ಮುಂಭಾಗದ ತುಂಡು), ಬೆನ್ನು. ಕಪ್ಪನ್ನು ಫ್ರೇಮಿಗೆ ಕೂರಿಸುವಾಗ ಕಪ್ ಕೆಳಗಿರಲಿ. ಮಷೀನಿನ ಹಲ್ಲು ಹೆಚ್ಚಿನ ಬಟ್ಟೆಯನ್ನು ತಾನೇ ಎಳೆದುಕೊಳ್ಳುತ್ತದೆ. ಎಲಾಸ್ಟಿಕ್ಕಿಗೆ ಎರಡು ಸುತ್ತು: ಮೊದಲು ಬಟ್ಟೆಯ ಮೇಲ್ಮುಖದಲ್ಲಿ ಸಣ್ಣ ಜಿಗ್‌ಜಾಗ್, ಒಳಕ್ಕೆ ಮಡಚಿ ಮೂರು ಹೆಜ್ಜೆಯ ಜಿಗ್‌ಜಾಗ್. ಕಪ್ಪಿನ ಕೆಳಗೆ ಎಳೆಯಬೇಡಿ, ಬೆನ್ನಿನ ಕಡೆ ತುಸು ಎಳೆಯಿರಿ. ಕೊಳವೆ ಪಟ್ಟಿಯ ಒಂದು ಅಂಚನ್ನು ಕಪ್ಪಿನ ಮಾರ್ಜಿನ್ನಿಗೆ ಹೊಲಿದು, ಫ್ರೇಮಿನ ಕಡೆ ತಿರುಗಿಸಿ, ಮೇಲಿನಿಂದ ಇನ್ನೊಂದು ಸಾಲು ಕೊಡಿ. ತಂತಿಯ ಎರಡೂ ತುದಿಗೆ 6 ಮಿ.ಮೀ. ಜಾಗ ಬಿಟ್ಟು ದಟ್ಟ ಹೊಲಿಗೆಯಿಂದ ಮುಚ್ಚಬೇಕು. ತಂತಿ ಬಟ್ಟೆ ತೂತು ಮಾಡಿಕೊಂಡು ಹೊರಬರುವುದು ಬಹುತೇಕ ಈ ಜಾಗ ಬಿಡದಿದ್ದಾಗಲೇ. ಗಿಡ್ಡ ತುದಿ ಎದೆಯ ನಡುವಿಗೆ, ಉದ್ದ ತುದಿ ಕಂಕುಳಿಗೆ.

ಇನ್ನು ತೊಟ್ಟು ನೋಡುವುದು. ತಂತಿ ಇಲ್ಲದೆ ತೊಟ್ಟು ನೋಡಿ ಪ್ರಯೋಜನವಿಲ್ಲ. ಹುಕ್ಕನ್ನು ಅತಿ ಸಡಿಲ ಸಾಲಿಗೇ ಹಾಕಿ. ದಿನ ಕಳೆದಂತೆ ಎಲಾಸ್ಟಿಕ್ ಸಡಿಲವಾಗುತ್ತದೆ, ಒಳಗಿನ ಸಾಲುಗಳಿರುವುದು ಅದಕ್ಕೇ.

ಅತಿ ಹೆಚ್ಚು ತಪ್ಪು ತಿಳಿಯುವುದು ಕಪ್ಪಿನ ತಳದ ಸುಕ್ಕನ್ನು. ಸುಕ್ಕು ಕಂಡ ಕೂಡಲೇ ಬಟ್ಟೆ ಹೆಚ್ಚಾಯಿತೆಂದು ಕಪ್ ಒಳಗೆ ಹಿಡಿಯುತ್ತಾರೆ, ಅಲ್ಲಿಗೆ ಕೆಟ್ಟಿತು. ಬಹಳ ಸಲ ಕಪ್ ಚಿಕ್ಕದಾಗಿರುತ್ತದೆ: ಸ್ತನ ಒಳಗೆ ಹಿಡಿಸದೆ ತಂತಿಯನ್ನು ಮಡಿಕೆಯಿಂದ ಕೆಳಕ್ಕೆ ದೂಡಿರುತ್ತದೆ, ಖಾಲಿ ಉಳಿದ ತಳ ಸುಕ್ಕಾಗುತ್ತದೆ. ತಂತಿಯನ್ನು ಕೈಯಿಂದ ಮಡಿಕೆಯವರೆಗೆ ಎತ್ತಿ ಹಿಡಿಯಿರಿ. ಸುಕ್ಕು ಹೋಗಿ ಮೇಲೆ ಉಕ್ಕಿದರೆ ಕಪ್ ದೊಡ್ಡದಾಗಬೇಕು. ಕಪ್ಪಿನ ಅಡ್ಡ ಹೊಲಿಗೆ ಅತಿ ಹೆಚ್ಚು ಉಬ್ಬಿದ ಜಾಗದಲ್ಲಿ, ಮೇಲಿನ ತುಂಡು ಕೆಳಗಿನ ತುಂಡು ಎರಡಕ್ಕೂ ಕಾಲಿಂಚು ಸೇರಿಸಿ, ಎರಡು ಬದಿಗೂ ಸೊನ್ನೆಗೆ ತನ್ನಿ. ಎರಡೂ ಗೆರೆಗಳ ಉದ್ದ ಸಮವಿದೆಯೇ ಎಂದು ಟೇಪ್ ಹಿಡಿಯಿರಿ. ತಂತಿ ಕೂರುವ ಅಂಚನ್ನು ಮುಟ್ಟಬೇಡಿ.

ನಡುವಿನ ತುಂಡು ಎದೆಮೂಳೆಗೆ ಅಂಟದೆ ಮೇಲೆದ್ದರೂ ಇದೇ ವಿಚಾರಣೆ. ಮೇಲೆ ಉಕ್ಕುತ್ತಿದ್ದರೆ ಕಪ್ ಚಿಕ್ಕದು. ಕಪ್ ಖಾಲಿ ಇದ್ದೂ ಎದ್ದಿದ್ದರೆ ಬ್ಯಾಂಡ್ ಸಡಿಲ ಅಥವಾ ತಂತಿ ಅಗಲ. ಕಪ್ಪಿನ ಮೇಲಂಚು ಮಾತ್ರ ಬಾಯಿ ಬಿಟ್ಟರೆ, ಮೇಲಿನ ತುಂಡಿನಲ್ಲಿ ಅಂಚಿನಿಂದ ಒಳಕ್ಕೆ ಒಂದು ಸಣ್ಣ ಡಾಟಿನಷ್ಟು ಚಿವುಟಿ ಪಿನ್ ಹಾಕಿ, ಅಷ್ಟನ್ನು ಪ್ಯಾಟರ್ನಿನಲ್ಲೇ ಕಳೆಯಿರಿ. ಬೆನ್ನು ಮೇಲೇರಿದರೆ ಸ್ಟ್ರಾಪ್ ಎಳೆಯುವುದು ಔಷಧಿಯಲ್ಲ, ಬ್ಯಾಂಡ್ ಚಿಕ್ಕದು ಮಾಡಿ.

ಆಕಾರವೆಲ್ಲ ಸರಿಯಿದ್ದು ಕಂಕುಳಲ್ಲಿ ಮಾತ್ರ ಚುಚ್ಚಿದರೆ, ತಂತಿಯ ಉದ್ದನೆಯ ತುದಿಯನ್ನು ಗಟ್ಟಿ ಕಟರಿನಿಂದ ಬೇಕಾದಷ್ಟು ಕತ್ತರಿಸಿ. ಅರದಿಂದ ಉಜ್ಜಿ ನುಣುಪು ಮಾಡಿ, ಎಲೆಕ್ಟ್ರಿಷಿಯನ್ನರು ಬಳಸುವ, ಬಿಸಿಗೆ ಕುಗ್ಗುವ ಸಣ್ಣ ಪ್ಲಾಸ್ಟಿಕ್ ಕೊಳವೆಯನ್ನು ತೊಡಿಸಿ. ತಂತಿ ಎಷ್ಟು ಗಿಡ್ಡವಾಯಿತೋ ಕೊಳವೆ ಪಟ್ಟಿಯ ಬಾಯನ್ನೂ ಅಷ್ಟೇ ಕೆಳಗೆ ಹೊಲಿದು ಮುಚ್ಚಿ, ಇಲ್ಲದಿದ್ದರೆ ತಂತಿ ಒಳಗೆ ಓಡಾಡುತ್ತದೆ.